ಡೈರೆಕ್ಟರ್ ಸಾಹೇಬರ ‘ಹೌದು’ ಮತ್ತು ‘ಇಲ್ಲ’

ಮಲ್ಲೇಶ್ವರದ ಆ ಮನೆಗೆ ನಾನು ಮೊದಲ ಸಲ ಹೋದಾಗ ಸಾಹೇಬರ ಎಡಗೈಗೆ ದಪ್ಪನೆಯ ಕಾಲುಚೀಲ ತೊಡಿಸಿ, ಹಳೆಯ ಪಂಚೆಯ ಅಂಚಿನಿಂದ ಮಂಚದ ಕಂಬಿಗೆ ಕಟ್ಟಿದ್ದರು. ಬಲಗೈ ಪಾರ್ಶ್ವವಾಯುವಿಗೆ ಬಿದ್ದುಹೋಗಿತ್ತು. ಉಳಿದ ಒಂದು ಕೈಯಿಂದ ಅವರು ಮೂಗಿಗೆ ಹಾಕಿದ್ದ ಊಟದ ಟ್ಯೂಬನ್ನು ಮೇಲಿಂದ ಮೇಲೆ ಕಿತ್ತೆಸೆಯುತ್ತಿದ್ದರಂತೆ. ಅದಕ್ಕೇ ಈ ವ್ಯವಸ್ಥೆ. ದೇಶದ ಗುಪ್ತಚರ ಸಂಸ್ಥೆಯೊಂದಕ್ಕೆ ಡೈರೆಕ್ಟರ್ ಆಗಿದ್ದವರನ್ನು ಹೀಗೆ ಕಟ್ಟಿಹಾಕಿದ್ದನ್ನು ನೋಡಿ ನನಗೆ ಕನಿಕರಕ್ಕಿಂತ ಮೊದಲು ಆಯಾಸವಾಯಿತು. ಇನ್ನೊಂದು ಕಷ್ಟದ ಮನೆ ಅಂದುಕೊಂಡೆ.

ಸ್ಟ್ರೋಕ್ ಆಗಿ ಮಾತು ಹೋದವರಿಗೆ ಮಾತು, ನುಂಗಲು ಬಾರದವರಿಗೆ ನುಂಗುವುದನ್ನು ಮತ್ತೆ ಕಲಿಸುವುದು ನನ್ನ ಕೆಲಸ. ಜನ ‘ಸ್ಪೀಚ್ ಮೇಡಂ’ ಅನ್ನುತ್ತಾರೆ. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನದ ಮೇಲೆ ಮನೆಮನೆ. ಆ ವರ್ಷ ನನಗೆ ಸಾಕುಸಾಕಾಗಿತ್ತು. ಯಾವ ಮನೆಗೆ ಹೋದರೂ ಬಾಗಿಲಲ್ಲೇ ‘ಯಾವಾಗ ಮಾತಾಡ್ತಾರೆ?’ ಅನ್ನುವ ಪ್ರಶ್ನೆ. ನಾನೇನು ಜ್ಯೋತಿಷ್ಯ ಹೇಳುವವಳೇ?

ಸಾಹೇಬರು ನನ್ನನ್ನು ಕಂಡ ಕೂಡಲೇ ‘ನೋಡೋಣ’ ಅಂದರು. ಅವರಿಗೆ ಉಳಿದಿದ್ದದ್ದು ಅದೊಂದೇ ಮಾತು. ನೋವಾದರೂ ನೋಡೋಣ, ಸಿಟ್ಟು ಬಂದರೂ ನೋಡೋಣ, ಮಗಳು ಬಂದು ಹಣೆ ಮುಟ್ಟಿದರೂ ನೋಡೋಣ. ಸ್ಟ್ರೋಕಿನಲ್ಲಿ ಹೀಗಾಗುವುದುಂಟು. ಎಲ್ಲ ಮಾತೂ ಹೋಗಿ ಯಾವುದೋ ಒಂದು ಉಳಿದುಬಿಡುತ್ತದೆ. ಕೆಲವರಿಗೆ ದೇವರ ಹೆಸರು ಉಳಿಯುತ್ತದೆ, ಕೆಲವರಿಗೆ ಬೈಗುಳ. ಬೈಗುಳ ಉಳಿದವರ ಮನೆಯವರ ಪಾಡು ಹೇಳತೀರದು. ಇವರಿಗೆ ಆಫೀಸರ ಮಾತು ಉಳಿದಿತ್ತು.

ಬೀದಿಯವರಿಗೆ ಅವರು ಡೈರೆಕ್ಟರ್ ಸಾಹೇಬರು. ಡೈರೆಕ್ಟರ್ ಆಗಿ ನೇಮಕವಾದಾಗ ಪೇಪರಿನಲ್ಲಿ ಫೋಟೋ ಬಂದ ಮೇಲೆಯೇ ಅಕ್ಕಪಕ್ಕದವರಿಗೆ ಅವರ ಕೆಲಸ ಏನೆಂದು ತಿಳಿದದ್ದಂತೆ. ನಿವೃತ್ತರಾಗಿ ಬಂದ ಮೇಲೆ ಸ್ವಲ್ಪ ಕಾಲ ಬೆಳಗಿನ ವಾಕಿಂಗಿಗೆ ಮಫ್ತಿಯ ಪೊಲೀಸನೊಬ್ಬ ಹಿಂದೆ ಹೋಗುತ್ತಿದ್ದ. ಆಮೇಲೆ ಅವನೂ ಬಿಟ್ಟುಹೋದ. ಟಿವಿಯವರು ಬಂದರೆ ಗೇಟಿನಲ್ಲೇ ಕೈಮುಗಿದು ಕಳಿಸುತ್ತಿದ್ದರು. ಬೀದಿಯ ಸಂಘದವರು ಅಧ್ಯಕ್ಷರಾಗಿ ಅಂದರೆ ನೋಡೋಣ ಅಂದು ಕೈತೊಳೆದುಕೊಂಡಿದ್ದರು. ಮಾತಾಡದೆ ಬದುಕಿದ ಮನುಷ್ಯನಿಗೆ ಮಾತು ಕಲಿಸಲು ನನ್ನನ್ನು ಕರೆಸಿದ್ದರು.

ಆದರೆ ಮಾತಿಗಿಂತ ಅವಸರದ್ದು ಊಟ. ಮೊದಲ ದಿನ ಅವರನ್ನು ದಿಂಬು ಒತ್ತಿ ನೆಟ್ಟಗೆ ಕೂರಿಸಿ, ಗಂಟಲಿನ ಮೇಲೆ ಬೆರಳಿಟ್ಟು, ಒಂದು ಟೀ ಚಮಚ ನೀರು ಕೊಟ್ಟೆ. ಗಂಟಲಗಂಟು ತಡವಾಗಿ ಮೇಲೆದ್ದಿತು. ಕೆಮ್ಮು ಬಂತು. ‘ನೋಡೋಣ’ ಎಂಬ ದನಿಯಲ್ಲಿ ಗೊರಗೊರ ಕೇಳಿಸಿತು. ನೀರು ಶ್ವಾಸನಾಳದ ಕಡೆಗೆ ಇಳಿದಿದೆ ಎಂದರ್ಥ. ಬಳಿಕ ರಾಗಿ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಸೋಸಿ, ಅರ್ಧ ಚಮಚ ಕೊಟ್ಟು, ಗದ್ದವನ್ನು ಎದೆಯ ಕಡೆಗೆ ಬಾಗಿಸಿ, ಎರಡು ಸಲ ನುಂಗಿಸಿದೆ. ಅದು ಇಳಿಯಿತು. ದನಿ ಚೊಕ್ಕವಾಗಿತ್ತು. ಅಂದರೆ ದಾರಿ ಪೂರ್ತಿ ಮುಚ್ಚಿರಲಿಲ್ಲ.

ನರರೋಗದ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರದು ಖಡಾಖಂಡಿತ ಮಾತು.

“ಮೇಡಂ, ಮೂಗಿನ ಟ್ಯೂಬ್ ಇನ್ನು ಜಾಸ್ತಿ ದಿನ ಇಡೋಕಾಗಲ್ಲ. ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕ್ಬೇಕು. ಬಾಯಲ್ಲಿ ತಿನ್ನಿಸಿದ್ರೆ ಎದೆಗೆ ಇಳಿದು ನ್ಯುಮೋನಿಯಾ ಆಗೋ ಭಯ ಇದ್ದೇ ಇದೆ. ಆ ಭಯ ತಗೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಕೇಳಿದ್ದು ಅವರಿಗೆ ಅರ್ಥ ಆಗುತ್ತೆ, ಹೌದು ಇಲ್ಲ ನಂಬಬಹುದು ಅಂತ ನೀವು ಬರೆದುಕೊಡಿ, ಅವರನ್ನೇ ಕೇಳೋಣ. ಇಲ್ಲಾಂದ್ರೆ ಟ್ಯೂಬ್.”

ಹೊಟ್ಟೆಯ ಟ್ಯೂಬ್ ಹಾಕಿದರೆ ಆ ಎಡಗೈಯನ್ನು ಬಿಚ್ಚುವಂತಿರಲಿಲ್ಲ. ಅದನ್ನೂ ಕೀಳುವುದು ಖಂಡಿತ. ಬಾಯಿರುಚಿ ಇಲ್ಲದೆ, ಕೈ ಕಟ್ಟಿಸಿಕೊಂಡು ಉಳಿದ ಆಯುಷ್ಯ ಕಳೆಯಬೇಕೋ ಬೇಡವೋ ಎನ್ನುವುದು ನನ್ನ ಪರೀಕ್ಷೆಯ ಮೇಲೆ ನಿಂತಿತು.

ಪರೀಕ್ಷೆ ಸರಳವಾದದ್ದು. ಇಂಥವರಲ್ಲಿ ತಲೆ ಆಡಿಸುವುದನ್ನು ನಂಬಲಾಗದು, ಹೌದು ಅನ್ನಲು ಹೋಗಿ ಇಲ್ಲ ಅಂದುಬಿಡುತ್ತಾರೆ. ಅದಕ್ಕೇ ಎರಡು ಕಾರ್ಡು. ಒಂದರ ಮೇಲೆ ಸರಿ ಗುರುತು ಹಾಕಿ ‘ಹೌದು’, ಇನ್ನೊಂದರ ಮೇಲೆ ತಪ್ಪು ಗುರುತು ಹಾಕಿ ‘ಇಲ್ಲ’. ಕೇಳಿದ್ದಕ್ಕೆ ಎಡಗೈಯಲ್ಲಿ ಮುಟ್ಟಬೇಕು. ಒಂದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ ಕೇಳಬೇಕು. ಫ್ಯಾನ್ ತಿರುಗುತ್ತಿದೆಯೇ, ಕಲ್ಲು ನೀರಿನಲ್ಲಿ ತೇಲುತ್ತದೆಯೇ ಎಂಬಂಥ ಪ್ರಶ್ನೆಗಳು ಕೆಲವು. ಆದರೆ ಎಲ್ಲಕ್ಕಿಂತ ಸುಲಭವಾಗಿ ಹೊಳೆಯುವುದು ಸ್ವಂತ ಬದುಕಿನ ವಿಷಯ. ಆದ್ದರಿಂದ ನಾನು ಅವುಗಳನ್ನೇ ಹೆಚ್ಚು ಇಟ್ಟುಕೊಳ್ಳುತ್ತೇನೆ.

ಆ ವಿಷಯಗಳನ್ನು ಅವರ ಹೆಂಡತಿಯಿಂದ ಕೇಳಿ ತಿಳಿದುಕೊಂಡೆ. ಮಾಗಡಿ ಕಡೆಯ ಹೊಲಮನೆಯಿಂದ ಬಂದ, ಎಪ್ಪತ್ತು ದಾಟಿದ, ಸೊಂಟ ಬಾಗದ ಹೆಂಗಸು. ತಡವರಿಸದೆ ಹೇಳುತ್ತಾ ಹೋದರು. ಮೊದಲು ವಾಣಿಜ್ಯ ಇಲಾಖೆಯಲ್ಲಿ ಶಿಲ್ಲಾಂಗ್, ಅಲ್ಲಿ ಗುಡ್ಡದ ಮೇಲಿನ ಕ್ವಾರ್ಟರ್ಸ್. ಆಮೇಲೆ ಹೊರದೇಶದ ರಾಯಭಾರ ಕಚೇರಿಯಲ್ಲಿ ವ್ಯಾಪಾರದ ವಿಭಾಗ. ಮಗಳು ಹುಟ್ಟಿದಾಗ ಡೆಹ್ರಾಡೂನಿನಲ್ಲಿ ತರಬೇತಿ. ಪಕ್ಕದಲ್ಲೇ ಕೂತಿದ್ದ ಮಗಳು ಕಾಲೇಜಿನಲ್ಲಿ ಪಾಠ ಹೇಳುವವರು, ಅವರೂ ‘ಹೌದು ಮೇಡಂ, ಡೆಹ್ರಾಡೂನ್’ ಅಂದರು. ಇಷ್ಟು ಒಪ್ಪವಾಗಿ ಹೇಳುವ ಮನೆಯವರು ಸಿಕ್ಕುವುದೇ ಅಪರೂಪ. ನನಗೆ ಖುಷಿಯಾಯಿತು.

ಫಲ ಮಾತ್ರ ಬರಲಿಲ್ಲ. ಶಿಲ್ಲಾಂಗಿನಲ್ಲಿ ಇದ್ದಿರಾ ಅಂದರೆ ಇಲ್ಲ ಮುಟ್ಟುತ್ತಾರೆ. ವಾಣಿಜ್ಯ ಇಲಾಖೆಯಲ್ಲಿ ಇದ್ದಿರಾ ಅಂದರೆ ಇಲ್ಲ. ಗುಡ್ಡ, ಕ್ವಾರ್ಟರ್ಸ್, ಮೋಡಗಳ ಫೋಟೋ ತೋರಿಸಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಪ್ರತಿ ಸಲವೂ ಮೊತ್ತ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅರ್ಧ ಅಂದರೆ ಕಣ್ಣುಮುಚ್ಚಿ ಮುಟ್ಟಿದಂತೆ. ಬೆಳಿಗ್ಗೆ ಹೊತ್ತು ಹೋಗಿ ನೋಡಿದೆ, ಟ್ಯೂಬಿನ ಊಟಕ್ಕೆ ಮುಂಚೆ ನೋಡಿದೆ, ಕನ್ನಡಕ ಬದಲಾಯಿಸಿ ನೋಡಿದೆ, ಕಾರ್ಡುಗಳನ್ನು ಎಡಕ್ಕೆ ಬಲಕ್ಕೆ ಅದಲುಬದಲು ಮಾಡಿ ನೋಡಿದೆ. ತಲೆ ಚಿಟ್ಟುಹಿಡಿಯಿತು.

ಅಷ್ಟರಲ್ಲಿ ಒಂದು ದಿನ ಸಾಹೇಬರು ಕಾಲುಚೀಲದ ಕೈಯನ್ನು ಹೇಗೋ ಬಿಡಿಸಿಕೊಂಡು ಟ್ಯೂಬನ್ನು ಮತ್ತೆ ಕಿತ್ತರು. ಮೂಗಿನಿಂದ ರಕ್ತ ಸುರಿಯಿತು. ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದು ಹೊಸದು ಹಾಕಿಸಿಕೊಂಡು ಬಂದರು. ನಾನು ಹೋದಾಗ ಮಗಳು ಹಜಾರದಲ್ಲಿ ಅಳುತ್ತಿದ್ದರು.

“ಅಮ್ಮ, ಸಾಕು. ಹೊಟ್ಟೆಗೆ ಹಾಕಿಸಿಬಿಡೋಣ. ಅವರಿಗೆ ಏನೂ ಗೊತ್ತಾಗ್ತಿಲ್ಲ ಅಂತ ಮೇಡಂ ಟೆಸ್ಟೇ ಹೇಳ್ತಿದೆಯಲ್ಲ.”

ತಾಯಿ ನನ್ನ ಮುಖ ನೋಡಿದರು. ವಾರದ ಕೊನೆಗೆ ಬರೆದುಕೊಡುತ್ತೇನೆ ಅಂದೆ. ಏನು ಬರೆಯುತ್ತೇನೆಂದು ಮೂವರಿಗೂ ಗೊತ್ತಿತ್ತು.

ಶ್ರೀರಾಂಪುರದ ನಮ್ಮ ಮನೆಯಲ್ಲಿ ಬುದ್ಧನ ಪಟದ ಕೆಳಗೆ ನನ್ನದೊಂದು ಸಣ್ಣ ಮೇಜಿದೆ. ಭಾನುವಾರ ಅನ್ನಕ್ಕಿಟ್ಟು, ವರದಿ ಬರೆಯಲು ಅಲ್ಲಿ ಕೂತೆ. ನಾವು ಬರೆಯುವುದು ಮೊತ್ತವನ್ನು. ಮೊತ್ತ ಅರ್ಧ. ಅದನ್ನು ಹಾಕಿ ಸಹಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಯಾಕೋ ಉತ್ತರಗಳನ್ನು ಬಿಡಿಬಿಡಿಯಾಗಿ ನೋಡಿದೆ. ಫ್ಯಾನು, ಕಲ್ಲು, ಕಿಟಕಿ, ಬೆಕ್ಕು, ಅವರ ಹೆಸರು, ನನ್ನ ಸೀರೆಯ ಬಣ್ಣ ಎಲ್ಲ ಸರಿ. ತಿರುಗಿಸಿ ಕೇಳಿದಾಗಲೂ ಸರಿ. ತಪ್ಪುಗಳೆಲ್ಲ ಒಂದೇ ಕಡೆ ಗುಂಪುಗೂಡಿದ್ದವು. ಅವರ ನೌಕರಿಯ ಬದುಕಿನ ಪ್ರಶ್ನೆಗಳಲ್ಲಿ ಒಂದೂ ಸರಿಯಿರಲಿಲ್ಲ, ತಪ್ಪದೆ ತಪ್ಪಾಗಿದ್ದವು. ಅರ್ಥವಾಗದೆ ಮುಟ್ಟುವವರಿಗೆ ಅದೃಷ್ಟದಿಂದಲಾದರೂ ಕೆಲವು ಸರಿ ಬೀಳಬೇಕು. ಪ್ರತಿಯೊಂದೂ ತಪ್ಪಾಗಬೇಕೆಂದರೆ ಸರಿ ಯಾವುದೆಂದು ಗೊತ್ತಿರಲೇಬೇಕು. ಕುಕ್ಕರ್ ಕೂಗುತ್ತಿದ್ದದ್ದು ಕೇಳಿಸಿಕೊಳ್ಳಲೇ ಇಲ್ಲ, ಅನ್ನ ತಳಹಿಡಿಯಿತು.

ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಪಿತ್ತ ನೆತ್ತಿಗೇರಿತು. ಈ ಮನುಷ್ಯ ಇಷ್ಟು ದಿನ ನನ್ನನ್ನು ಆಟವಾಡಿಸಿದ್ದಾರೆ, ಹಳೆಯ ಚಾಳಿ, ಸುಳ್ಳು ಹೇಳುವುದೇ ಕಸುಬಾಗಿದ್ದವರಲ್ಲವೇ ಅಂದುಕೊಂಡೆ. ಮರುದಿನ ಹೋದವಳೇ ಕೈ ಬಿಚ್ಚಿ, ಕಾರ್ಡುಗಳನ್ನು ಮುಂದಿಟ್ಟೆ.

“ಸರ್, ನಾನು ಕೇಳೋದು ನಿಮಗೆ ಅರ್ಥ ಆಗ್ತಿದೆ ಅಲ್ವಾ?”

ಹೌದು.

“ಬೇಕಂತಲೇ ತಪ್ಪು ಮುಟ್ತಿದೀರಾ?”

ಇಲ್ಲ. ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ. ಕಾರ್ಡನ್ನು ಒತ್ತಿಹಿಡಿದರು.

“ಶಿಲ್ಲಾಂಗ್‌ನಲ್ಲಿ ಇದ್ರಾ?”

ಇಲ್ಲ.

“ನೀವು ನನಗೆ ಹೇಳಿರೋದೆಲ್ಲ ನಿಜಾನಾ ಸರ್?”

ಹೌದು. ಅವರ ಕಣ್ಣಲ್ಲಿ ನೀರಿತ್ತು. ಬಾಯಿ ‘ನೋಡೋಣ, ನೋಡೋಣ’ ಅನ್ನುತ್ತಿತ್ತು.

ಹಿಂದೆ ತಿರುಗಿದರೆ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಅಡುಗೆಮನೆಗೆ ಕರೆದರು.

“ಶಿಲ್ಲಾಂಗ್‌ಗೆ ಇವರು ಹೋಗೇ ಇಲ್ಲ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ ಏನಮ್ಮ?”

“ನಂಗೂ ಗೊತ್ತಿಲ್ವಲ್ಲ. ಮದುವೆ ಆದ ಹೊಸದ್ರಲ್ಲೇ ಇವರೇ ಹೇಳ್ಕೊಟ್ರು. ಯಾರಾದ್ರೂ ಕೇಳಿದ್ರೆ ಹೀಗೆ ಹೇಳು, ಇನ್ನೂ ಕೆದಕಿದ್ರೆ ಹೀಗೆ ಹೇಳು ಅಂತ. ನೆಂಟರಿಗೆ ಹೇಳ್ದೆ, ಮಗಳ ಸ್ಕೂಲಲ್ಲಿ ಹೇಳ್ದೆ, ಹಾಲಿನವನಿಗೂ ಹೇಳ್ದೆ. ಹೇಳ್ತಾ ಹೇಳ್ತಾ ಬಾಯಿಪಾಠ ಆಗೋಯ್ತು. ಮಗಳಿಗಂತೂ ಅದೇ ನಿಜ. ನೀವು ಕೇಳಿದಾಗ ಸುಳ್ಳು ಹೇಳ್ತಿದೀನಿ ಅಂತ ನಂಗೆ ಹೊಳೀಲೇ ಇಲ್ಲ ಕಣಮ್ಮ.”

ಅವರು ಒಲೆಯ ಕಟ್ಟೆಯನ್ನು ಒರೆಸುತ್ತಲೇ ಇದ್ದರು.

“ಇಲ್ಲದ ಕಡೆಯೆಲ್ಲ ಇವರು ಇದಾರೆ ಅಂತ ಜೀವಮಾನವೆಲ್ಲ ಹೇಳ್ಕೊಂಡು ಬಂದೆ. ಈಗ ಕಣ್ಮುಂದೆನೇ ಇದಾರೆ, ನೀವು ಇಲ್ಲ ಅಂತ ಬರೆಯೋಕೆ ಹೊರಟಿದ್ರಿ.”

ಹೀಗೆ ಪೂರ್ತಿ ಬೇಸ್ತು ಬಿದ್ದದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ರೋಗಿ ಸರಿಯಾಗಿದ್ದರು, ನನ್ನ ಕೈಯಲ್ಲಿದ್ದ ಸರಿ ಉತ್ತರಗಳೇ ಸುಳ್ಳಾಗಿದ್ದವು. ಇಷ್ಟು ವರ್ಷ ಗುಟ್ಟು ಕಾಯ್ದವರು ನನಗೆ ಮಾತ್ರ ಯಾಕೆ ನಿಜ ಹೇಳಿದರು? ಗುಟ್ಟು ಕಾಯುವ ಮಿದುಳಿನ ಭಾಗವೇ ಹೋಗಿತ್ತೋ, ಅಥವಾ ಅವರಿಗೂ ಸಾಕಾಗಿತ್ತೋ ಗೊತ್ತಿಲ್ಲ. ಸಾಕಾಗಿತ್ತು ಅಂತಲೇ ನನ್ನ ನಂಬಿಕೆ.

ಹಳೆಯ ಪ್ರಶ್ನೆಗಳನ್ನೆಲ್ಲ ಕೈಬಿಟ್ಟೆ. ಇನ್ನು ಮೇಲೆ ಈ ಮನೆಯ ಸೂರಿನಡಿ ನಡೆದದ್ದು, ಇಲ್ಲವೇ ಗಂಡಹೆಂಡತಿ ಇಬ್ಬರೂ ಕಣ್ಣಾರೆ ಕಂಡದ್ದು ಮಾತ್ರ ಕೇಳುವುದು, ನಾನಲ್ಲ, ಉತ್ತರ ಬಲ್ಲ ಅವರ ಹೆಂಡತಿಯೇ ಕೇಳುವುದು ಎಂದು ತೀರ್ಮಾನಿಸಿದೆ. ನಮ್ಮ ಪದ್ಧತಿಯಲ್ಲಿ ಮನೆಯವರಿಂದ ಕೇಳಿಸುವುದಿಲ್ಲ, ಕಣ್ಸನ್ನೆ ಮಾಡಿಬಿಡುತ್ತಾರೆ ಎಂಬ ಭಯ. ಅದಕ್ಕೆ ಅಮ್ಮನವರನ್ನು ಮಂಚದ ತಲೆಯ ಕಡೆ, ಸಾಹೇಬರಿಗೆ ಕಾಣದಂತೆ ಕೂರಿಸಿದೆ. ಆಫೀಸಿನ ವಿಷಯ ಬೇಡವೇ ಬೇಡ ಎಂದು ಮೊದಲೇ ಹೇಳಿದ್ದೆ.

“ರೀ, ನಮ್ಮ ಮದುವೆ ಚಾಮರಾಜಪೇಟೆ ಛತ್ರದಲ್ಲಿ ಆಯ್ತಾ?” ಹೌದು. “ಹಿಂದಗಡೆ ಇರೋದು ಮಾವಿನ ಮರಾನಾ?” ಇಲ್ಲ. “ಸೀಬೆ ಮರಾನಾ?” ಹೌದು. “ನಿಮಗೆ ಹಾಗಲಕಾಯಿ ಗೊಜ್ಜು ಇಷ್ಟಾನಾ?” ಸಾಹೇಬರು ಇಲ್ಲ ಮುಟ್ಟಿದರು. ಅಮ್ಮನವರು ತಮಾಷೆಗೆ “ಅಲ್ಲ, ಇಷ್ಟು ವರ್ಷ ಮಾಡಿ ಹಾಕಿದ್ನಲ್ಲ!” ಅಂದರು. ಬಹಳ ದಿನಗಳ ಮೇಲೆ ಆ ಕೋಣೆಯಲ್ಲಿ ನಗು ಕೇಳಿತು. ಕೇಳಿದ್ದೆಲ್ಲ ಸರಿ, ತಿರುಗಿಸಿ ಕೇಳಿದ್ದೂ ಸರಿ. ಇನ್ನು ಸಾಕು ಎಂದು ನಾನು ಕಾರ್ಡು ಎತ್ತುವಷ್ಟರಲ್ಲಿ ಅಮ್ಮನವರು ಮತ್ತೆ ಬಾಯಿ ತೆರೆದರು. ದನಿ ಬೇರೆಯಾಗಿತ್ತು.

“ನಮ್ಮಪ್ಪ ಹೋದಾಗ, ಗಡಿ ಹತ್ರ ಇದೀನಿ, ಬರೋಕಾಗಲ್ಲ ಅಂತ ಫೋನ್ ಮಾಡಿದ್ರಿ. ಆವತ್ತು ಬೆಂಗಳೂರಲ್ಲೇ ಇದ್ರಾ?”

ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಸಾಹೇಬರ ಕೈ ಹಾಸಿಗೆಯ ಮೇಲೆಯೇ ಇತ್ತು. ಆಮೇಲೆ ನಿಧಾನವಾಗಿ ಮೇಲೆದ್ದು ‘ಹೌದು’ ಮೇಲೆ ಕೂತಿತು.

ಅಭ್ಯಾಸಬಲ ಎಂಥದ್ದು ನೋಡಿ, ಪ್ರಶ್ನೆ ತಿರುಗಿಸಿ ಕೇಳುವುದು ನನಗೆ ರೂಢಿ, ಬಾಯಿಂದ ಬಂದೇಬಿಟ್ಟಿತು. “ಬೇರೆ ಊರಲ್ಲಿ ಇದ್ರಾ ಸರ್?” ಇಲ್ಲ.

“ನಮ್ಮ ಚಿಕ್ಕಪ್ಪ ಆವತ್ತೇ ಇಲ್ಲಿ ಅಕ್ಕಿಪೇಟೆಯಲ್ಲಿ ಇವರನ್ನ ನೋಡಿದೆ ಅಂದಿದ್ರು,” ಅಂದರು ಅಮ್ಮನವರು, ನನಗೆ. “ಸಾವಿನ ಮನೇಲೇ ಅವರ ಮೇಲೆ ಜಗಳಕ್ಕೆ ಹೋದೆ. ನನ್ನ ಗಂಡನ ಮೇಲೆ ಸುಳ್ಳು ಹೇಳ್ತೀಯಾ ಅಂದೆ. ಆಮೇಲೆ ಅವರು ಸಾಯೋವರೆಗೂ ಮಾತಾಡ್ಸಲಿಲ್ಲ.” ಎದ್ದು ಹಿತ್ತಲಿಗೆ ಹೋದರು. ನಾನು ಹೊರಡುವಾಗ ಕೂಗಿದರೂ ಒಳಗೆ ಬರಲಿಲ್ಲ.

ಆ ರಾತ್ರಿ ವರದಿ ಬರೆದೆ, ಹೌದು ಇಲ್ಲ ನಂಬಬಹುದು ಅಂತ. ಬರೆದರೂ ಭಯ ಹೋಗಲಿಲ್ಲ. ಬಾಯಿಂದ ಊಟ ಅಂದರೆ ಸುಮ್ಮನೆ ಅಲ್ಲ. ಅರ್ಧರ್ಧ ಚಮಚ ಕೊಡಬೇಕು, ಪ್ರತಿ ತುತ್ತಿಗೂ ಗದ್ದ ಬಾಗಿಸಬೇಕು, ಎರಡು ಸಲ ನುಂಗಿಸಬೇಕು, ಕೆಮ್ಮಿಸಬೇಕು, ದನಿ ಕೇಳಬೇಕು. ಊಟದ ನಡುವೆ ಮಾತಾಡಿಸುವಂತಿಲ್ಲ. ಮುಗಿದ ಮೇಲೆ ಅರ್ಧ ಗಂಟೆ ಮಲಗಿಸದೆ ನೆಟ್ಟಗೆ ಕೂರಿಸಿ ಪಕ್ಕದಲ್ಲೇ ಕಾಯಬೇಕು. ದಿನಕ್ಕೆ ನಾಲ್ಕೈದು ಸಲ, ದಿನವೂ. ಮಗಳಿಗೆ ಕಾಲೇಜು, ಬಾಡಿಗೆ ನರ್ಸುಗಳು ವಾರಕ್ಕೊಬ್ಬರು. ಕೂರುವವರಿದ್ದರೆ ಅದು ಹೆಂಡತಿ ಒಬ್ಬರೇ. ಅವರ ಮನಸ್ಸು ಮುರಿದಿದ್ದರೆ ನನ್ನ ವರದಿ ಯಾವ ಉಪಯೋಗಕ್ಕೂ ಇರಲಿಲ್ಲ.

ಮರುದಿನ ಡಾಕ್ಟರೇ ಮನೆಗೆ ಬಂದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಒಂದೊಂದಾಗಿ ಕೇಳಿದರು. ಬಾಯಲ್ಲಿ ತಿಂದರೆ ಎದೆಗೆ ಇಳಿಯಬಹುದು, ಗೊತ್ತಾ? ಹೌದು. ಅದರಿಂದ ಜೀವ ಹೋಗಬಹುದು, ಗೊತ್ತಾ? ಹೌದು. ಹೊಟ್ಟೆಗೆ ಟ್ಯೂಬ್ ಹಾಕಲಾ? ಇಲ್ಲ. ಬಾಯಲ್ಲೇ ತಿಂತೀರಾ? ಹೌದು. ಕಾರ್ಡು ಅದಲುಬದಲು ಮಾಡಿ ಮತ್ತೆ ಕೇಳಿದರು. ಉತ್ತರ ಬದಲಾಗಲಿಲ್ಲ. ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಸರಿ. ತಿನ್ನಿಸೋರು ಯಾರು?” ಅಂದರು ಡಾಕ್ಟರು.

ಎಲ್ಲರೂ ಅಮ್ಮನವರ ಕಡೆ ನೋಡಿದೆವು. ಅವರು ಗೋಡೆಗೆ ಒರಗಿ ನಿಂತಿದ್ದರು. ಕಣ್ಣು ಊದಿದ್ದವು. ಬೆಳಗಿನಿಂದ ಗಂಡನ ಮುಖವನ್ನೇ ನೋಡಿರಲಿಲ್ಲ ಅಂತ ಮಗಳು ನನಗೆ ಹೇಳಿದ್ದರು.

“ಅವರನ್ನ ಒಂದು ಮಾತು ಕೇಳಿ,” ಅಂದರು ನನಗೆ. “ಇನ್ಮೇಲೆ ನಾನು ಕೇಳಿದ್ದಕ್ಕೆ ಹೀಗೇ ನಿಜ ಹೇಳ್ತಾರಾ ಅಂತ. ದೇಶದ ವಿಷಯ ನಂಗೆ ಬೇಡ. ನನ್ನ ವಿಷಯ, ನನ್ನ ಮನೆ ವಿಷಯ.”

ಇಂಥ ಪ್ರಶ್ನೆಗೆ ನಮ್ಮಲ್ಲಿ ಯಾವ ಪದ್ಧತಿಯೂ ಇಲ್ಲ. ಹಸಿದವರ ಮುಂದೆ ಹೀಗೆ ಷರತ್ತು ಇಡುವುದು ಸರಿಯಲ್ಲ ಅನ್ನಿಸಿತು. ಆದರೆ ಆ ಹೆಂಗಸಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಕಾರ್ಡುಗಳನ್ನು ಇಟ್ಟು ಕೇಳಿದೆ. ಸಾಹೇಬರು ನನ್ನನ್ನು ಬಿಟ್ಟು ಹೆಂಡತಿಯನ್ನೇ ನೋಡಿದರು. ಬಾಯಿ ‘ನೋಡೋಣ’ ಅಂದಿತು, ಕೈ ಹೋಗಿ ‘ಹೌದು’ ಮುಟ್ಟಿತು. ಡಾಕ್ಟರು ನಕ್ಕುಬಿಟ್ಟರು. ಅಮ್ಮನವರು ನಗಲಿಲ್ಲ. “ಹಾಗಾದ್ರೆ ನಾನೇ ತಿನ್ನಿಸ್ತೀನಿ,” ಅಂದು ಗಂಜಿ ಕಾಯಿಸಲು ಒಳಗೆ ಹೋದರು.

ಟ್ಯೂಬನ್ನು ಕೂಡಲೇ ತೆಗೆಯಲಿಲ್ಲ. ಬಾಯಿಂದ ಹೋಗುವುದು ಸಾಕಷ್ಟಾಗುವವರೆಗೆ ಎರಡೂ ನಡೆಯಿತು. ಒಮ್ಮೆ ಜ್ವರ ಬಂದು ಎಲ್ಲ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದೆವು. ಅಮ್ಮನವರ ಕೈ ನನಗಿಂತ ಚೆನ್ನಾಗಿ ಪಳಗಿತು. ಕೊನೆಗೆ ಟ್ಯೂಬ್ ತೆಗೆದ ದಿನ ಕಾಲುಚೀಲವನ್ನೂ ತೆಗೆದೆವು. ಸಾಹೇಬರು ಮೊದಲು ಮಾಡಿದ ಕೆಲಸ ಮೂಗು ತುರಿಸಿಕೊಂಡದ್ದು. ನಾನು ವಾರಕ್ಕೊಮ್ಮೆ ಹೋದಾಗ ಊಟದ ನಂತರದ ಆ ಅರ್ಧ ಗಂಟೆಯಲ್ಲಿ ಕಾರ್ಡುಗಳು ಅವರ ಮಡಿಲಲ್ಲಿರುತ್ತಿದ್ದವು, ಅಮ್ಮನವರು ತಗ್ಗಿದ ದನಿಯಲ್ಲಿ ಕೇಳುತ್ತಿರುತ್ತಿದ್ದರು. ನಾನು ಎದ್ದು ಹಜಾರಕ್ಕೆ ಹೋಗುತ್ತಿದ್ದೆ. ಕೆಲವು ಸಲ ಒಳಗಿನಿಂದ ಅಳು ಕೇಳುತ್ತಿತ್ತು. ಒಂದು ಸಲ ಜೋರು ಜಗಳವೇ ಕೇಳಿತು, ಒಂದು ಕಡೆಯಿಂದ ಮಾತು, ಇನ್ನೊಂದು ಕಡೆಯಿಂದ ಬರೀ ನೋಡೋಣ.

ಅವರೆಕಾಯಿ ಕಾಲ ಬರುವ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿ ಸಾಹೇಬರು ಹೋದರು. ನಾವು ಹೇಳಿದ್ದ ಭಯವೇ ನಿಜವಾಯಿತು. ಸುದ್ದಿ ಕೇಳಿ ನನಗೆ ಅಳು ಬಂತು, ನಾನು ರೋಗಿಗಳಿಗಾಗಿ ಅಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಟ್ಯೂಬ್ ಹಾಕಿಸಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೇನೋ ಎಂಬ ಯೋಚನೆ ಬಿಡಲಿಲ್ಲ. ಪೇಪರಿನಲ್ಲಿ ಫೋಟೋ ಬಂತು, ಕೆಳಗೆ ಅವರು ಸೇವೆ ಮಾಡಿದ ಊರುಗಳ ಹೆಸರು. ಮೊದಲನೆಯದು ಶಿಲ್ಲಾಂಗ್.

ಕಾರ್ಯವೆಲ್ಲ ಕಳೆದ ಮೇಲೆ ಅಮ್ಮನವರನ್ನು ನೋಡಲು ಹೋದೆ. ತಪ್ಪು ಮಾಡಿದೆವಾ ಎಂದು ಕೇಳಬೇಕೆಂದುಕೊಂಡವಳಿಗೆ ಬಾಯಿ ಬರಲಿಲ್ಲ. ಬದಲಿಗೆ, “ಕೇಳ್ಬೇಕು ಅನ್ಕೊಂಡಿದ್ದೆಲ್ಲ ಕೇಳಿದ್ರಾ ಅಮ್ಮ?” ಅಂದೆ.

“ಓ, ಅದು ಯಾವಾಗ್ಲೋ ಮುಗೀತು,” ಅಂದರು. “ಆಮೇಲೆ ಕೇಳೋಕೆ ಏನೂ ಇರ್ಲಿಲ್ಲ. ಆದ್ರೂ ನೀವು ಹೇಳಿದ್ರಲ್ಲ, ಊಟ ಆದ್ಮೇಲೆ ಅರ್ಧ ಗಂಟೆ ಕೂತಿರ್ಲೇಬೇಕು ಅಂತ. ಸುಮ್ನೆ ಕೂತಿರ್ತಿದ್ವಿ ಇಬ್ರೂ. ಮದುವೆ ಆದ್ಮೇಲೆ ಇವರು ಅಷ್ಟು ಹೊತ್ತು ನನ್ನ ಪಕ್ಕ ಕೂತಿದ್ದು ಅದೇ ಮೊದ್ಲು ಕಣಮ್ಮ.”